ವಯಸ್ಸಾದ ಕಾರಿಗೆ ಮನೆಮದ್ದು

ಸಂಘದ ಯಾವ ಸಮಾರಂಭಕ್ಕೆ ಹೋದರೂ ಸಭಾಂಗಣದ ಹೊರಗೆ ಹತ್ತು ಹನ್ನೆರಡು ವರ್ಷ ದಾಟಿದ ಕಾರುಗಳು ಸಾಲಾಗಿ ನಿಂತಿರುತ್ತವೆ. ಹೊಸದಾಗಿ ಬಂದ ಕುಟುಂಬಗಳು ಮೊದಲು ಕೊಳ್ಳುವುದೂ ಅಂಥವನ್ನೇ. ಊರಿನಲ್ಲಾದರೆ ಗಾಡಿ ಕೆಮ್ಮಿದರೆ ಬೀದಿಯ ಕೊನೆಯಲ್ಲೊಬ್ಬ ಮೆಕ್ಯಾನಿಕ್ ಸಿಗುತ್ತಾನೆ. ನಾವು ಕಾಫಿ ಕುಡಿದು ಬರುವಷ್ಟರಲ್ಲಿ ರಿಪೇರಿ ಮುಗಿದಿರುತ್ತದೆ. ಇಲ್ಲಿ ಬಾನೆಟ್ ಎತ್ತಿದ ಗಳಿಗೆಯಿಂದಲೇ ಗಂಟೆಯ ಲೆಕ್ಕ ಶುರು. ಆದ್ದರಿಂದ ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ಯಾವುದು, ಕೈ ಹಾಕಬಾರದ್ದು ಯಾವುದು ಎಂಬುದನ್ನು ಬರೆಯುತ್ತಿದ್ದೇವೆ. ನಾವೇನೂ ಬಲ್ಲವರಲ್ಲ, ಪೆಟ್ಟು ತಿಂದು ಕಲಿತವರು.

ಆ ಪೆಟ್ಟು ಬಿದ್ದದ್ದು ಒಂದು ಸಂಕ್ರಾಂತಿಯ ಹಿಂದಿನ ದಿನ. ಎಳ್ಳುಬೆಲ್ಲದ ಡಬ್ಬಿ, ಎರಡು ಮಕ್ಕಳು, ಊರಿನಿಂದ ಬಂದಿದ್ದ ಅಮ್ಮ, ಇಷ್ಟನ್ನೂ ತುಂಬಿಕೊಂಡು ಸಿಡ್ನಿಯಿಂದ ಮೆಲ್ಬರ್ನಿಗೆ ಹೊರಟಿದ್ದೆವು. ಸುಮಾರು 880 ಕಿಲೋಮೀಟರ್ ದಾರಿ. 2013ರಲ್ಲಿ ಹಾಲ್‌ಬ್ರೂಕ್ ಊರಿನ ಬೈಪಾಸ್ ತೆರೆದ ಮೇಲೆ ಹ್ಯೂಮ್ ಹೆದ್ದಾರಿ ಉದ್ದಕ್ಕೂ ಜೋಡಿ ರಸ್ತೆಯಾಗಿದೆ. ನಿಲ್ಲಿಸುವ ಕಾರಣವೇ ಸಿಗದ್ದರಿಂದ ಎಂಜಿನ್ನಿಗೆ ವಿಶ್ರಾಂತಿಯೂ ಸಿಗುವುದಿಲ್ಲ. ಯಾಸ್ ದಾಟಿ ಬುಕ್‌ಹ್ಯಾಮ್ ಕಡೆಯ ಏರು ಹತ್ತುವಾಗ ಹೊರಗೆ 40 ಡಿಗ್ರಿ ಬಿಸಿಲು, ಒಳಗೆ ಏ.ಸಿ. ಜೋರಾಗಿ ಓಡುತ್ತಿತ್ತು. ಉಷ್ಣದ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ನಾವು ನೋಡುವ ಮೊದಲೇ ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು.

ಗಾಡಿಯನ್ನು ರಸ್ತೆಯಂಚಿಗೆ ಒಯ್ದು, ಮಕ್ಕಳನ್ನೂ ಅಮ್ಮನನ್ನೂ ತಡೆಬೇಲಿಯ ಆಚೆ ಕಳಿಸಿ, ಬಾನೆಟ್ ಎತ್ತಿ, ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆವು. "ಏ, ಬಿಡೋ! ಕುಕ್ಕರ್ ಕೂಗ್ತಿರೋವಾಗ ಯಾರಾದ್ರೂ ಮುಚ್ಚಳ ತೆಗೀತಾರೇನೋ?" ಎಂದು ಅಮ್ಮ ಬೇಲಿಯ ಆಚೆಯಿಂದ ಕೂಗಿದರು. ಅವರು ಕಾರು ಓಡಿಸಿದವರಲ್ಲ. ಆದರೆ ಅವರು ಹೇಳಿದ್ದು ಅಕ್ಷರಶಃ ನಿಜ. ರೇಡಿಯೇಟರ್ ಎಂದರೆ ಪ್ರೆಷರ್ ಕುಕ್ಕರೇ. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ನೀರಾಗಿಯೇ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಟವೆಲ್ಲು ಅದನ್ನು ತಡೆಯುವುದಿಲ್ಲ.

ಮುಕ್ಕಾಲು ಗಂಟೆ ಕಾದೆವು. ಮೇಲಿನ ರಬ್ಬರ್ ಹೋಸು ಕ್ಲಿಪ್ಪಿನ ಪಕ್ಕದಲ್ಲೇ ಸೀಳಿತ್ತು. ಹಣ್ಣು ಕೊಯ್ಯಲು ತಂದಿದ್ದ ಚಾಕುವಿನಿಂದ ಸೀಳಿದ ತುದಿಯನ್ನು ಎರಡು ಬೆರಳಿನಷ್ಟು ಕೊಯ್ದು ಹಾಕಿ, ಉಳಿದ ಹೋಸನ್ನು ಎಳೆದು ಕೂಡಿಸಿ ಕ್ಲಿಪ್ಪು ಬಿಗಿದೆವು. ಅಷ್ಟಾಯಿತು, ಆದರೆ ನೀರು? ನಮ್ಮಲ್ಲಿದ್ದದ್ದು ನಾಲ್ಕು ಲೀಟರ್, ಅದೂ ಕುಡಿಯಲು. ಆ ಬಿಸಿಲಿನಲ್ಲಿ ಅದನ್ನು ಗಾಡಿಗೆ ಸುರಿಯಬೇಕೋ ಮಕ್ಕಳಿಗೆ ಇಡಬೇಕೋ ಎಂದು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಕೊನೆಗೆ ಒಬ್ಬ ಲಾರಿ ಚಾಲಕ ನಿಲ್ಲಿಸಿ ಹತ್ತು ಲೀಟರಿನ ಕ್ಯಾನು ಇಳಿಸಿಕೊಟ್ಟು ಹೋದ. ಗುಂಡಗೈವರೆಗೆ ಏ.ಸಿ. ಇಲ್ಲದೆ, ಕಿಟಕಿ ತೆರೆದು, ಮೆಲ್ಲಗೆ ಹೋದೆವು.

ತಪ್ಪು ಗಾಡಿಯದಲ್ಲ, ನಮ್ಮದೇ. ಎರಡು ವರ್ಷದಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಟ್ಟ ಇಳಿದಾಗಲೆಲ್ಲ ನಲ್ಲಿನೀರು ಸುರಿಯುತ್ತ ಬಂದಿದ್ದೆವು. ಅದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿಕೊಂಡಿರಲಿಲ್ಲ. ಮುಚ್ಚಿದ ಏರ್ಪಾಟಿನಲ್ಲಿ ನೀರು ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಕೂಲೆಂಟ್ ಬರೀ ಬಣ್ಣದ ನೀರಲ್ಲ; ಕುದಿಯುವ ಮಟ್ಟ ಏರಿಸುವುದರ ಜೊತೆಗೆ ಒಳಗಿನ ಲೋಹ ತುಕ್ಕು ಹಿಡಿಯದಂತೆ ಕಾಯುತ್ತದೆ. ಹಸಿರಾಗಲಿ ಕೆಂಪಾಗಲಿ, ಬಣ್ಣ ನೋಡಿ ಕೊಳ್ಳಬೇಡಿ. ಕಾರಿನ ಪುಸ್ತಕದಲ್ಲಿ ಹೇಳಿರುವ ಜಾತಿಯನ್ನೇ ಕೊಳ್ಳಿ, ಒಂದಕ್ಕೊಂದು ಬೆರೆಸಬೇಡಿ. ಅದರ ರುಚಿ ಸಿಹಿ, ಆದರೆ ವಿಷ. ಮಕ್ಕಳು, ನಾಯಿ ಬೆಕ್ಕು ಇರುವ ಮನೆಯಲ್ಲಿ ಚೆಲ್ಲಿದ್ದನ್ನು ತಕ್ಷಣ ತೊಳೆಯಬೇಕು.

ತಿಂಗಳಿಗೊಮ್ಮೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಐದು ನಿಮಿಷ ನೋಡಿದರೆ ಸಾಕು. ಹೋಸುಗಳನ್ನು ಬೆರಳಿನಿಂದ ಅದುಮಿ. ಬೆಂದ ಬದನೆಕಾಯಿಯಂತೆ ಮೆತ್ತಗಾಗಿದ್ದರೆ, ಬಿರುಕಿದ್ದರೆ, ಬದಲಿಸಿ. ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಲೋಹಕ್ಕೆ ಕೂಡುವ ಅಂಚಿನಲ್ಲಿ ಬಿಳಿಯ ಅಥವಾ ಹಸಿರು ಹೊಪ್ಪಳೆ ಕಂಡರೆ ಅಲ್ಲಿ ಸೋರುತ್ತಿದೆ. ಎಣ್ಣೆ ಹಾಕುವ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ನೊರೆಯಿದ್ದು, ಕೂಲೆಂಟೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕೈಕೊಟ್ಟಿರಬಹುದು. ಅದು ಮನೆಮದ್ದಿಗೆ ಬಗ್ಗುವ ಕಾಯಿಲೆಯಲ್ಲ. ಮೆಲ್ಬರ್ನಿನ ಚಳಿಗಾಲದಲ್ಲಿ ಬರೀ ಶಾಲೆಗೆ, ಅಂಗಡಿಗೆ ಓಡುವ ಕಾರಿನಲ್ಲಿ ಸ್ವಲ್ಪ ನೊರೆ ಹಾಗೆಯೇ ಕಟ್ಟುವುದುಂಟು, ಗಾಬರಿ ಬೇಡ.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಏ.ಸಿ. ಆರಿಸಿ ಹೀಟರನ್ನು ಪೂರ್ತಿ ಹಾಕಬೇಕು. ಬಿಸಿಲಿನಲ್ಲಿ ಹೀಟರೇ ಎಂದು ನಗಬೇಡಿ. ಹೀಟರಿನೊಳಗೂ ಪುಟ್ಟದೊಂದು ರೇಡಿಯೇಟರಿದೆ, ಎಂಜಿನ್ನಿನ ಬಿಸಿಯಲ್ಲಿ ಒಂದಷ್ಟನ್ನು ಅದು ಹೊರಹಾಕುತ್ತದೆ. ಆದರೆ ಮುಳ್ಳು ಕೆಂಪು ಮುಟ್ಟಿದರೆ ನಿಲ್ಲಿಸಲೇಬೇಕು. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಸೀಳಬಹುದು.

ಎಂಜಿನ್ ಎಣ್ಣೆಯ ಮಾತಿಗೆ ಬಂದರೆ, ಮೆಲ್ಬರ್ನಿನ ಆಲ್ಟೋನಾ ಕಾರ್ಖಾನೆಯ ಕ್ಯಾಮ್ರಿ ನಮ್ಮ ಅನೇಕ ಮನೆಗಳಲ್ಲಿದೆ. ಆ ಕಾರ್ಖಾನೆ 2017ರ ಅಕ್ಟೋಬರ್ 3ರಂದು ಮುಚ್ಚಿದರೂ ಗಾಡಿಗಳು ಓಡುತ್ತಲೇ ಇವೆ. ಅವುಗಳಲ್ಲಿ 2006ರಿಂದ 2011ರವರೆಗಿನ 2.4 ಲೀಟರ್ ಎಂಜಿನ್ನಿನವು ಕೆಲವು ವಯಸ್ಸಾದ ಮೇಲೆ ಎಣ್ಣೆ ಕುಡಿಯುತ್ತವೆ. ನೆಲದ ಮೇಲೆ ಒಂದು ಹನಿಯೂ ಬೀಳದೆ ಮಟ್ಟ ಇಳಿದಿರುತ್ತದೆ. ಕೆಂಪು ದೀಪ ಹೊತ್ತಿದಾಗ ನೋಡೋಣವೆಂದರೆ ಹೊತ್ತು ಮೀರಿರುತ್ತದೆ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ ನೋಡುವುದಕ್ಕೆ ಒಂದು ನಿಮಿಷ ಬೇಡ.

ಬ್ಯಾಟರಿಯದು ನಮ್ಮವರಿಗೇ ಮೀಸಲಾದ ತೊಂದರೆ. ಡಿಸೆಂಬರ್ ರಜೆಯಲ್ಲಿ ಆರು ವಾರ ಊರಿಗೆ ಹೋಗಿ ಬರುತ್ತೇವೆ, ಬಂದು ಕೀಲಿ ತಿರುಗಿಸಿದರೆ ಟಕ್ ಎಂಬ ಸದ್ದು ಬಿಟ್ಟು ಬೇರೇನಿಲ್ಲ. ನಿಂತ ಕಾರಿನಲ್ಲೂ ಅಲಾರಂ, ಗಡಿಯಾರಗಳು ಬ್ಯಾಟರಿ ಹೀರುತ್ತಿರುತ್ತವೆ, ಜೊತೆಗೆ ಬೇಸಿಗೆಯ ಶಾಖ. ಮೆಲ್ಬರ್ನಿನಲ್ಲಿ 2009ರ ಫೆಬ್ರವರಿ 7ರಂದು 46.4 ಡಿಗ್ರಿ, ಸಿಡ್ನಿಯ ಪೆನ್ರಿತ್‌ನಲ್ಲಿ 2020ರ ಜನವರಿ 4ರಂದು 48.9 ಡಿಗ್ರಿ ಆಗಿತ್ತು. ಅಂಥ ಬೇಸಿಗೆಯಲ್ಲಿ ಬಳಲಿದ ಬ್ಯಾಟರಿ ಮುಂದಿನ ಚಳಿಗಾಲದ ಮೊದಲ ಚಳಿಗೇ ಸಾಯುವುದು. ಊರಿಗೆ ಹೊರಡುವ ಮುನ್ನ ನೆಗೆಟಿವ್ ತಂತಿಯನ್ನು ಬಿಚ್ಚಿಡಿ, ಇಲ್ಲವೇ ನೆರೆಯವರಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಕೇಳಿಕೊಳ್ಳಿ. ತಂತಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ತಿರುಗುಮುರುಗಾದರೆ ಸ್ಪ್ಯಾನರ್ ಕಾರಿನ ಮೈಗೆ ತಾಗಿದಾಗ ಕಿಡಿ ಹಾರುತ್ತದೆ. ತುದಿಗಳಲ್ಲಿ ಕಟ್ಟಿದ ಬಿಳಿ ಪುಡಿಯನ್ನು ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ ತೊಳೆದು, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿದರಾಯಿತು.

ಹೆಡ್‌ಲೈಟಿನ ಹಳದಿ ಮಬ್ಬಿಗೆ ಟೂತ್‌ಪೇಸ್ಟ್ ಉಜ್ಜಿದರೆ ಕೆಲವು ವಾರ ಹೊಳಪು ಬರುತ್ತದೆ, ಮತ್ತೆ ಮಬ್ಬು.

ಕೈ ಹಾಕಬಾರದ್ದು ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಎಂದೂ ತೂರಬೇಡಿ. ಹಳೆಯ ಕಾರು ಕೊಳ್ಳುವವರು ಇನ್ನೊಂದು ವಿಷಯ ವಿಚಾರಿಸಬೇಕು: ತಕಾಟ ಏರ್‌ಬ್ಯಾಗುಗಳನ್ನು ಬದಲಿಸಬೇಕೆಂದು ಸರ್ಕಾರ 2018ರಲ್ಲಿ ಕಡ್ಡಾಯ ಮಾಡಿತ್ತು. ಅವುಗಳೊಳಗಿನ ರಾಸಾಯನಿಕ ವರ್ಷಗಳ ಸೆಖೆ, ತೇವಾಂಶದಿಂದ ಕೆಟ್ಟು, ಬಿಚ್ಚಿಕೊಳ್ಳುವಾಗ ಲೋಹದ ಚೂರು ಸಿಡಿಸುತ್ತಿತ್ತು. ಕಾರಿನ ಗುರುತಿನ ಸಂಖ್ಯೆ ಕೊಟ್ಟರೆ ಬದಲಿಯಾಗಿದೆಯೇ ಎಂದು ತಿಳಿಯುತ್ತದೆ.

ಮೆಲ್ಬರ್ನಿನ ಮಿತ್ರರಿಗೆ ಪ್ರತ್ಯೇಕ ಮಾತು. ಸಿಡ್ನಿಯಲ್ಲಿ ಐದು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ಪಿಂಕ್ ಸ್ಲಿಪ್ ತಪಾಸಣೆಯಿದೆ. ನಾವು ಗೊಣಗುತ್ತಲೇ ಹೋಗುತ್ತೇವೆ, ಆದರೆ ಸವೆದ ಬ್ರೇಕು, ಬೋಳಾದ ಟೈರು ಅಲ್ಲಿ ಸಿಕ್ಕಿಬೀಳುತ್ತವೆ. ವಿಕ್ಟೋರಿಯಾದಲ್ಲಿ ರೋಡ್‌ವರ್ದಿ ಪತ್ರ ಬೇಕಾಗುವುದು ಸಾಮಾನ್ಯವಾಗಿ ಮಾರುವಾಗ. ಒಂದೇ ಕಾರನ್ನು ಹದಿನೈದು ವರ್ಷ ಇಟ್ಟುಕೊಂಡವರ ಗಾಡಿಯ ಅಡಿಭಾಗವನ್ನು ಯಾರೂ ಕೇಳುವವರಿಲ್ಲ. ಕಾನೂನು ಕೇಳದಿದ್ದರೂ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ತೋರಿಸಿಬಿಡಿ. ಟೈರಿನ ಗೆರೆಗಳ ಆಳ 1.5 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2315 ಎಂದಿದ್ದರೆ 2015ರ 23ನೆಯ ವಾರದ ಟೈರು, ಗೆರೆ ಎಷ್ಟಿದ್ದರೂ ಬಿಸಾಡುವಂಥದ್ದು.

ಈಗ ನಮ್ಮ ಡಿಕ್ಕಿಯಲ್ಲಿ ಹತ್ತು ಲೀಟರ್ ನೀರು ಗಾಡಿಗೆ, ಹತ್ತು ಲೀಟರ್ ನಮಗೆ, ಎರಡು ಕ್ಲಿಪ್ಪು, ಒಂದು ಸ್ಕ್ರೂಡ್ರೈವರ್, ಜಂಪರ್ ತಂತಿ, ಟಾರ್ಚು ಇರುತ್ತವೆ. ಚಾಕುವನ್ನು ಮಾತ್ರ ಅಮ್ಮ ತೊಳೆದು ಅಡುಗೆಮನೆಗೆ ವಾಪಸು ತೆಗೆದುಕೊಂಡರು.