ಕೋಶವನ್ನು ಸುಡದೆ ನೋಡುವ ಬಗೆ

ಸೂಕ್ಷ್ಮದರ್ಶಕದಲ್ಲಿ ಚಿತ್ರ ಮಬ್ಬಾಗಿ ಕಂಡರೆ ಬೆಳಕು ಹೆಚ್ಚಿಸಿದರಾಯಿತು. ಆದರೆ ನೋಡಬೇಕಾದದ್ದು ಜೀವಂತ ಕೋಶವಾಗಿದ್ದರೆ? ಲೇಸರ್ ಒಂದು ಮಿತಿ ದಾಟಿತೆಂದರೆ ಕೋಶ ಕಣ್ಣೆದುರೇ ಸಾಯುತ್ತದೆ.

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೊಂದನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ವಾರ್ವಿಕ್ ಬೋವೆನ್ ಮತ್ತು ಸಂಗಡಿಗರು 2021ರ ಜೂನ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ರಾಮನ್ ಸೂಕ್ಷ್ಮದರ್ಶಕ. ಹೌದು, ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡುಕೊಂಡ ಪರಿಣಾಮವೇ ಇದರ ಬುನಾದಿ. ಎರಡು ಲೇಸರ್ ಕಿರಣಗಳನ್ನು ಒಟ್ಟಿಗೆ ಕೋಶದ ಮೇಲೆ ಹಾಯಿಸುತ್ತಾರೆ. ಅವುಗಳ ಆವರ್ತನದ ಅಂತರ ಅಲ್ಲಿನ ಅಣುವೊಂದರ ಕಂಪನಕ್ಕೆ ತಾಳೆಯಾದರೆ ಒಂದು ಕಿರಣದ ಹೊಳಪು ಇಷ್ಟೇ ಇಷ್ಟು ಇಳಿದು, ಇನ್ನೊಂದರದು ಅಷ್ಟೇ ಏರುತ್ತದೆ. ಕೊಬ್ಬು ಎಲ್ಲಿದೆ, ಪ್ರೋಟೀನ್ ಎಲ್ಲಿದೆ ಎಂದು ಬಣ್ಣ ಹಚ್ಚದೆಯೇ ತಿಳಿಯಬಹುದು.

ತೊಡಕಿರುವುದು ಆ ಏರಿಳಿತವನ್ನು ಅಳೆಯುವುದರಲ್ಲಿ. ಬೆಳಕು ಫೋಟಾನ್‌ಗಳಾಗಿ ಬರುತ್ತದೆ, ಅದೂ ತಗಡಿನ ಸೂರಿನ ಮೇಲೆ ಬೀಳುವ ಮಳೆಹನಿಗಳಂತೆ ಲಯವಿಲ್ಲದೆ. ಈ ಸದ್ದಿನಲ್ಲಿ ಕ್ಷೀಣ ಸಂಕೇತ ಮುಳುಗಿಹೋಗುತ್ತದೆ. ಸ್ಪಷ್ಟತೆ ಇಮ್ಮಡಿಯಾಗಬೇಕಾದರೆ ಬೆಳಕು ನಾಲ್ಕು ಪಟ್ಟು ಬೇಕು. ಕೋಶಕ್ಕೆ ಅದೇ ಕುತ್ತು.

ಇಲ್ಲಿ ನೆರವಿಗೆ ಬಂದದ್ದು 'ಸ್ಕ್ವೀಜ್ಡ್ ಲೈಟ್', ಅಂದರೆ ಹಿಂಡಿದ ಬೆಳಕು. ವಿಶೇಷ ಹರಳಿನ ಮೂಲಕ ಹಾಯಿಸಿದ ಕಿರಣದಲ್ಲಿ ಫೋಟಾನ್‌ಗಳು ತುಸು ಶಿಸ್ತಿನಿಂದ ಬರುತ್ತವೆ. ಹೊಳಪಿನ ಏರಿಳಿತ ತಗ್ಗುತ್ತದೆ. ಕ್ವಾಂಟಂ ನಿಯಮ ಇದನ್ನು ಪುಕ್ಕಟೆ ಕೊಡುವುದಿಲ್ಲ, ಅಲೆಯ ಹಂತದಲ್ಲಿನ ಅನಿಶ್ಚಿತತೆ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಆದರೆ ಈ ಅಳತೆಗೆ ಬೇಕಾದದ್ದು ಹೊಳಪು ಮಾತ್ರ, ಹಂತ ಹೇಗಿದ್ದರೇನು! ಗುರುತ್ವ ತರಂಗಗಳನ್ನು ಹಿಡಿಯುವ ಅಮೆರಿಕದ ಲೈಗೋ ಯಂತ್ರಗಳೂ ಇಂಥ ಬೆಳಕನ್ನು ಬಳಸುತ್ತವೆ.

ಬ್ರಿಸ್ಬೇನ್ ತಂಡ ನೋಡಿದ್ದು ಯೀಸ್ಟ್ ಕೋಶಗಳನ್ನು, ಬ್ರೆಡ್ ಹಿಟ್ಟನ್ನು ಉಬ್ಬಿಸುವ ಅದೇ ಯೀಸ್ಟ್. ಲೇಸರ್ ಶಕ್ತಿ ಹೆಚ್ಚಿಸದೆಯೇ ಸ್ಪಷ್ಟತೆ ಶೇ 35ರಷ್ಟು ಸುಧಾರಿಸಿತು. ಅಂಕಿ ದೊಡ್ಡದೇನಲ್ಲ. ಆದರೆ ಇನ್ನಷ್ಟು ಬೆಳಕು ಸುರಿದು ಇದನ್ನು ಗಳಿಸುವಂತಿರಲಿಲ್ಲ, ಕೋಶ ಉಳಿಯುತ್ತಿರಲಿಲ್ಲ.

ಮುಂದಿನ ಕೆಲಸ ಸುಲಭದ್ದಲ್ಲ. ಮಸೂರದಲ್ಲೋ ಮಾದರಿಯಲ್ಲೋ ಒಂದಿಷ್ಟು ಫೋಟಾನ್‌ಗಳು ಕಳೆದುಹೋದರೂ ಉಳಿದವುಗಳ ಶಿಸ್ತು ಸಡಿಲಗೊಳ್ಳುತ್ತದೆ. ಹಾಗಾಗಿ ದಪ್ಪನೆಯ ಅಂಗಾಂಶದ ಆಳಕ್ಕೆ ಈ ಬೆಳಕನ್ನು ಇಳಿಸುವುದು ತೆಳುವಾದ ಯೀಸ್ಟ್ ಕೋಶವನ್ನು ನೋಡಿದಷ್ಟು ಸಲೀಸಲ್ಲ.