ಕನ್ನಡಿಯಲ್ಲಿ ಕಾಣದ ದಣಿವು

ವಿಜಯನಗರದ ಒಂದು ಅಡ್ಡರಸ್ತೆ. ಕೆಳಗೆ ಬೇಕರಿ, ನಡುವೆ ಟ್ಯೂಷನ್ ಸೆಂಟರ್, ಮೇಲೆ ಜಿಮ್. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥವು ಬೀದಿಗೊಂದು ಸಿಗುತ್ತವೆ: ಲಿಫ್ಟ್ ಇಲ್ಲ, ಎಸಿ ಇಲ್ಲ, ಮೂರು ತಿಂಗಳ ಫೀಸು ಒಟ್ಟಿಗೆ ಕಟ್ಟಿದರೆ ಟೀ ಶರ್ಟ್ ಫ್ರೀ. ಬೆಳಗ್ಗೆ ಐದೂವರೆಗೆ ಶಟರ್ ಎತ್ತುವವರು ಐವತ್ತು ದಾಟಿದ ಮಾಜಿ ದೇಹದಾರ್ಢ್ಯ ಪಟು. ಹುಡುಗರ ಬಾಯಲ್ಲಿ ಅವರು ‘ಮಾಸ್ಟ್ರು’. ಹೆಸರು ಹಾಕಬೇಡಿ ಅಂದರು, ಹಾಕುತ್ತಿಲ್ಲ. ಅತಿ ವ್ಯಾಯಾಮದಿಂದ ಕುಸಿಯುವವರನ್ನು ಹೇಗೆ ಗುರುತಿಸುತ್ತೀರಿ ಎಂದು ಕೇಳಿದೆ. “ಕೂತು ಹೇಳೋ ವಿಷಯ ಅಲ್ಲ ಸಾರ್. ಬನ್ನಿ, ಒಂದು ರೌಂಡ್ ಹಾಕೋಣ” ಎಂದವರು ನನ್ನನ್ನು ಒಳಗೆ ಕರೆದುಕೊಂಡು ಹೋಗಲಿಲ್ಲ, ಮತ್ತೆ ಮೆಟ್ಟಿಲ ಹತ್ತಿರಕ್ಕೇ ಕರೆತಂದರು.

ಅವರ ಮೇಜು ಇರುವುದು ಬಾಗಿಲಿನ ಪಕ್ಕ. ಅಲ್ಲಿ ಕೂತರೆ ಮೆಟ್ಟಿಲು ಹತ್ತಿ ಬರುವವರೆಲ್ಲ ಕಾಣುತ್ತಾರೆ. ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದ ಹುಡುಗ ಕಂಬಿ ಹಿಡಿದುಕೊಂಡು ಬಂದರೆ ಅವರು ಮೊದಲು ಕೇಳುವುದು “ನಿನ್ನೆ ಕಾಲಿನದ್ದು ಮಾಡಿದ್ಯಾ?” ಎಂದು. ಹೌದು ಅಂದರೆ ಚಿಂತೆಯಿಲ್ಲ. ಹೊಸ ಕಸರತ್ತು ಮಾಡಿದಾಗ ಅಥವಾ ಭಾರ ಹೆಚ್ಚಿಸಿದಾಗ ಸ್ನಾಯು ನೋಯುವುದು ಸಹಜ. ಆ ನೋವು ಮರುದಿನ ಶುರುವಾಗಿ, ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಜೋರಾಗಿ, ಆಮೇಲೆ ತಾನೇ ಇಳಿಯುತ್ತದೆ. ಕಾಲಿನ ಸರದಿ ಕಳೆದು ವಾರವಾಗುತ್ತ ಬಂದರೂ ಕಂಬಿ ಬಿಡದವನದು ಬೇರೆ ಕತೆ. ಮೈಕೈ ನೋವು ಬೇರೆ, ಮೈ ಸೋತಿರುವುದು ಬೇರೆ. ಈ ಜಿಮ್ಮಿನಲ್ಲಿ ಅದು ಮೊದಲು ತಿಳಿಯುವುದು ಮೆಟ್ಟಿಲಲ್ಲಿ.

ಮೇಜಿನ ಮೇಲೆ ಹಾಜರಿ ಪುಸ್ತಕ. ಜನವರಿಯಲ್ಲಿ ತುಂಬಿ ಮಾರ್ಚಿಗೆ ಬರಿದಾಗುವ ಪುಟಗಳ ಬಗ್ಗೆ ನಾವೆಲ್ಲ ನಗುತ್ತೇವೆ. ಮಾಸ್ಟ್ರ ಕಣ್ಣು ಇರುವುದು ಒಂದು ದಿನವನ್ನೂ ತಪ್ಪಿಸದ, ಕೆಲವೊಮ್ಮೆ ಬೆಳಗ್ಗೆಯೂ ಸಂಜೆಯೂ ಸಹಿ ಹಾಕುವ ಹೆಸರುಗಳ ಮೇಲೆ. ಅಂಥವರಲ್ಲಿ ಎರಡು ಜಾತಿಯಂತೆ: ಎರಡು ತಿಂಗಳಲ್ಲಿ ಮದುವೆ ಇರುವವರು, ಈಗಷ್ಟೇ ಪ್ರೇಮ ಮುರಿದುಕೊಂಡವರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಲೆಕ್ಕ ಎಷ್ಟು ಸಾಧಾರಣವಾಗಿದೆ ನೋಡಿ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಹುರುಪಿನ ಶ್ರಮ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಇದಕ್ಕಿಂತ ಹೆಚ್ಚು ಮಾಡಬಾರದು ಅಂತೇನಿಲ್ಲ. ಆದರೆ ಆರೋಗ್ಯಕ್ಕಾಗಿ ಬರುತ್ತೇನೆ ಎನ್ನುವವನು ವಾರಕ್ಕೆ ಹನ್ನೆರಡು ಸಹಿ ಹಾಕುತ್ತಿದ್ದರೆ, ಅವನು ಬರುತ್ತಿರುವುದು ಬೇರೆ ಯಾವುದಕ್ಕೋ.

ಒಳಗೆ ಕಾಲಿಟ್ಟರೆ ಎಡಕ್ಕೆ ಟ್ರೆಡ್‌ಮಿಲ್ ಸಾಲು. ನಾಲ್ಕರಲ್ಲಿ ಒಂದು ಕೆಟ್ಟಿದೆ, ಅದರ ಮೇಲೆ ಟವೆಲ್ ಒಣಗುತ್ತಿದೆ. ಉಳಿದವುಗಳ ಹಿಡಿಕೆ ಹಿಡಿದರೆ ಎದೆಬಡಿತದ ಅಂಕಿ ತೋರಿಸುತ್ತವೆ. ಕಳೆದ ತಿಂಗಳು ಸಲೀಸಾಗಿದ್ದ ಅದೇ ವೇಗಕ್ಕೆ ಈಗ ಏದುಸಿರು ಬಂದರೆ ಅದೊಂದು ಸೂಚನೆ. ಇದಕ್ಕಿಂತ ಒಳ್ಳೆಯ ಅಳತೆ ಮನೆಯಲ್ಲೇ ಇದೆ. ಬೆಳಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆಯಿಂದ ಏಳುವ ಮುನ್ನ, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದಿಡುವುದು. ವಾಡಿಕೆಗಿಂತ ಐದು-ಹತ್ತು ಬಡಿತ ಹೆಚ್ಚು, ಅದೂ ಒಂದರ ಹಿಂದೊಂದು ಕೆಲವು ದಿನ, ಅಂತಾದರೆ ಅವತ್ತಿನ ಕಸರತ್ತು ಹಗುರ ಮಾಡಬೇಕು. ಆದರೆ ಈ ಒಂದೇ ಅಂಕಿಯನ್ನು ನಂಬಿ ಕೂರುವಂತಿಲ್ಲ. ಜ್ವರ ಬರುವ ಮುನ್ನವೂ ನಾಡಿ ಏರುತ್ತದೆ, ರಾತ್ರಿ ಪಾರ್ಟಿ ಮಾಡಿದರೂ ಏರುತ್ತದೆ. ನಿಜವಾಗಿ ದಣಿದ ಕೆಲವರಲ್ಲಿ ಏರುವುದೇ ಇಲ್ಲ.

ಎದೆಬಡಿತದ ಮಾತು ಬಂದಮೇಲೆ ಕರ್ನಾಟಕದ ಯಾವ ಜಿಮ್ಮಿನಲ್ಲೂ ಒಂದು ಹೆಸರು ಬಾರದೆ ಇರದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ನಿಂತಿತು, ಜಿಮ್‌ಗಳ ಬಗ್ಗೆ ಭಯ ಹುಟ್ಟಿತು. ಆ ಸಾವನ್ನು ಜಿಮ್ಮಿನ ಖಾತೆಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಹೃದಯದ ತೊಂದರೆ ಮತ್ತು ಅತಿ ವ್ಯಾಯಾಮದ ದಣಿವು ಎರಡನ್ನೂ ಬೆರೆಸಲೇಬಾರದು. ಎದೆ ಹಿಂಡಿದಂತಾದರೆ, ನೋವು ದವಡೆಗೋ ತೋಳಿಗೋ ಹರಿದರೆ, ಕಸರತ್ತಿನ ನಡುವೆ ತಲೆ ಸುತ್ತಿ ಕಣ್ಣು ಕತ್ತಲೆಯಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ನಾವು ಹುಡುಕುತ್ತಿರುವ ದಣಿವು ವಾರಗಟ್ಟಲೆ ನಿಧಾನವಾಗಿ, ಸದ್ದಿಲ್ಲದೆ ಸೇರಿಕೊಳ್ಳುವಂಥದ್ದು.

ಅದು ಸಿಗುವುದು ಬಲಗಡೆ, ಸ್ಕ್ವಾಟ್ ರ‍್ಯಾಕಿನ ಹತ್ತಿರ. ನೆಲಕ್ಕೆ ಹಳೆಯ ರಬ್ಬರ್ ಹಾಸು, ಗೋಡೆಗೆ ಒರಗಿಸಿದ ಪ್ಲೇಟುಗಳು, ಮೂಲೆಯಲ್ಲಿ ಸೀಮೆಸುಣ್ಣದ ಪುಡಿಯ ಡಬ್ಬ. ಮಾಸ್ಟ್ರು ಇಲ್ಲಿ ಒಂದು ಕಾನೂನು ಮಾಡಿದ್ದಾರೆ: ಬಾರ್ ಮುಟ್ಟುವವರೆಲ್ಲ ನೋಟುಪುಸ್ತಕ ಇಡಬೇಕು. ಮೊಬೈಲಿನಲ್ಲಿ ಬರೆದರೆ ಒಪ್ಪುವುದಿಲ್ಲ, ಏಕೆಂದರೆ ಅದನ್ನು ಅವರು ತಿರುವಿಹಾಕುವಂತಿಲ್ಲ. ಕಂಪ್ಯೂಟರ್ ಕೆಲಸದ ಹುಡುಗನೊಬ್ಬ ಒಪ್ಪಿದ ಮೇಲೆ ಅವನ ಪುಸ್ತಕ ತೆರೆದು ತೋರಿಸಿದರು. ಒಂದು ಪುಟದಲ್ಲಿ 80 ಕೆ.ಜಿ., ಎಂಟು ರೆಪ್ಸ್, ಮೂರು ಸೆಟ್. ಮುಂದಿನ ಪುಟಗಳಲ್ಲಿ ಅದೇ 80 ಕೆ.ಜಿ.ಗೆ ಏಳು, ಆರು, ಮತ್ತೆ ಆರು. ಸೆಟ್ ಮಾತ್ರ ಮೂರಿದ್ದದ್ದು ಐದಾಗಿದೆ. ರೆಪ್ಸ್ ಕಡಿಮೆಯಾದಂತೆಲ್ಲ ‘ನನ್ನ ಪ್ರಯತ್ನ ಸಾಲದು’ ಎಂದು ಸೆಟ್ ಏರಿಸುತ್ತ ಹೋಗಿದ್ದಾನೆ. ಅತಿ ವ್ಯಾಯಾಮದ ಇಡೀ ಕತೆ ಈ ಎರಡು ಕಾಲಮ್ಮಿನಲ್ಲಿದೆ. ಸೋಮಾರಿಗೆ ಈ ಕಾಯಿಲೆ ಬರುವುದಿಲ್ಲ, ಶಿಸ್ತಿನವನಿಗೇ ಬರುತ್ತದೆ. ಶಿಸ್ತಿನಿಂದಲೇ ಉಲ್ಬಣಿಸುತ್ತದೆ.

ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ, ಆಗ ಅದಕ್ಕೆ ಪೆಟ್ಟು ಬೀಳುತ್ತದೆ ಅಷ್ಟೇ. ದುರಸ್ತಿ ಮತ್ತು ಬೆಳವಣಿಗೆ ಆಗುವುದು ಆಮೇಲೆ, ಊಟ-ನಿದ್ದೆಗಳ ನಡುವೆ. ಒಂದು ಒಳ್ಳೆಯ ಕಸರತ್ತಿನ ನಂತರ ಒಂದೆರಡು ದಿನ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗಿ ನಡೆಯುತ್ತಿರುತ್ತದೆ. ಒಂದೇ ಅಂಗದ ಭಾರಿ ಕಸರತ್ತುಗಳ ನಡುವೆ 48 ಗಂಟೆಯಷ್ಟು ಅಂತರವಿರಲಿ ಎಂದು ಹೇಳುವುದು ಇದಕ್ಕೇ. ಹೊರೆ ಹೆಚ್ಚಿ ಸ್ವಲ್ಪ ಕುಸಿದು, ಕೆಲವು ದಿನ ಬಿಟ್ಟು ಮೊದಲಿಗಿಂತ ಗಟ್ಟಿಯಾಗಿ ಮರಳಿದರೆ ಅದು ಲಾಭದ ದಣಿವು. ಕ್ರೀಡಾಪಟುಗಳು ಬೇಕೆಂದೇ ಮಾಡಿಕೊಳ್ಳುತ್ತಾರೆ. ಮರಳಲು ವಾರಗಳು, ತಿಂಗಳು ಹಿಡಿದು, ಮರಳಿದಾಗ ಲಾಭವೂ ಇಲ್ಲದಿದ್ದರೆ ಅದು ನಷ್ಟದ ದಣಿವು. ಹಲವು ತಿಂಗಳು ಕಳೆದರೂ ಮೈಯೂ ಮನಸ್ಸೂ ಎದ್ದು ನಿಲ್ಲದಿದ್ದರೆ ಆಗ ಓವರ್‌ಟ್ರೇನಿಂಗ್ ಸಿಂಡ್ರೋಮ್. ಯುರೋಪ್ ಮತ್ತು ಅಮೆರಿಕದ ಕ್ರೀಡಾ ವಿಜ್ಞಾನ ಸಂಸ್ಥೆಗಳೆರಡು ಸೇರಿ 2013ರಲ್ಲಿ ಹೊರಡಿಸಿದ ಹೇಳಿಕೆ ಹೀಗೆಯೇ ಮೂರು ಹಂತ ಮಾಡುತ್ತದೆ. ಬಡಾವಣೆಯ ಜಿಮ್ಮಿನಲ್ಲಿ ಮೂರನೆಯದು ಅಪರೂಪ, ಎರಡನೆಯದಕ್ಕೆ ಬರವಿಲ್ಲ. ತಮಾಷೆಯೆಂದರೆ ಯಾವ ಹಂತದಲ್ಲಿದ್ದೀರಿ ಎಂದು ಅವತ್ತೇ ಹೇಳಲಾಗುವುದಿಲ್ಲ. ಎಷ್ಟು ದಿನಕ್ಕೆ ಚೇತರಿಸಿಕೊಂಡಿರಿ ಎಂಬುದರಿಂದ ಹಿಂತಿರುಗಿ ನೋಡಿ ಹೇಳಬೇಕು.

ಹಾಗಾಗಿ ಮೊದಲೇ ಲೆಕ್ಕ ಇಡುವುದು ಜಾಣತನ. ಕಾರ್ಲ್ ಫಾಸ್ಟರ್ ಎಂಬ ಅಮೆರಿಕದ ವ್ಯಾಯಾಮ ವಿಜ್ಞಾನಿ ಬಲು ಸುಲಭದ ದಾರಿ ತೋರಿಸಿದ್ದಾರೆ. ಕಸರತ್ತು ಮುಗಿದ ಅರ್ಧ ಗಂಟೆಯ ಮೇಲೆ ಅದು ಒಟ್ಟಾರೆ ಎಷ್ಟು ಕಷ್ಟವಾಯಿತೆಂದು ಹತ್ತಕ್ಕೆ ಅಂಕ ಕೊಟ್ಟುಕೊಂಡು, ಅದನ್ನು ನಿಮಿಷಗಳಿಂದ ಗುಣಿಸುವುದು. ಏಳು ಅಂಕದ ಅರವತ್ತು ನಿಮಿಷ ಅಂದರೆ ಆ ದಿನದ ಹೊರೆ 420. ವಾರದ ಏಳೂ ದಿನ ಹೆಚ್ಚುಕಡಿಮೆ ಅದೇ ದೊಡ್ಡ ಅಂಕಿ ಬರುತ್ತಿದ್ದರೆ ಅಪಾಯ; ಒಂದು ದಿನ ಭಾರ, ಒಂದು ದಿನ ಹಗುರ, ಒಂದು ದಿನ ಸೊನ್ನೆ ಅಂತ ಏರಿಳಿಯಬೇಕು. ಮಾಸ್ಟ್ರಿಗೆ ಫಾಸ್ಟರ್ ಗೊತ್ತಿಲ್ಲ. ಆದರೂ ಹುಡುಗರ ಪುಸ್ತಕದಲ್ಲಿ ಐದಾರು ವಾರಕ್ಕೊಮ್ಮೆ ಕೆಂಪು ಇಂಕಿನಲ್ಲಿ ‘ಅರ್ಧ’ ಎಂದು ಬರೆಯುತ್ತಾರೆ. ಆ ವಾರ ಸೆಟ್‌ಗಳೆಲ್ಲ ಅರ್ಧಕ್ಕೆ ಇಳಿಯಬೇಕು. ಇದಕ್ಕಾಗಿ ಅವರು ಬೈಗುಳ ತಿಂದಷ್ಟು ಫೀಸು ಹೆಚ್ಚಿಸಿದಾಗಲೂ ತಿಂದಿಲ್ಲವಂತೆ.

ಆ ಕಂಪ್ಯೂಟರ್ ಹುಡುಗನನ್ನು ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀಯಪ್ಪ ಎಂದು ಕೇಳಿದೆ. ಅಮೆರಿಕದವರ ಜೊತೆ ಮೀಟಿಂಗು, ಒಂದೂವರೆ ಆಗುತ್ತೆ ಸಾರ್, ಆರಕ್ಕೆ ಇಲ್ಲಿರ್ತೀನಿ ಎಂದ. ನಾಲ್ಕೂವರೆ ಗಂಟೆಯೂ ತುಂಬದ ನಿದ್ದೆ. ವಯಸ್ಕರಿಗೆ ಏಳು ಗಂಟೆಯಾದರೂ ಬೇಕು. ಇವನ ಸ್ಕ್ವಾಟ್ ಕುಸಿದದ್ದಕ್ಕೆ ಸ್ಕ್ವಾಟ್ ಒಂದೇ ಕಾರಣವಲ್ಲ. ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿ ಇಲ್ಲಿ ನೆನಪಾಗಬೇಕು. ಇಲಿಗಳಿಗೆ ಚಳಿ ಕೊಟ್ಟರೂ, ಗಾಯ ಮಾಡಿದರೂ, ವಿಪರೀತ ಓಡಾಡಿಸಿ ದಣಿಸಿದರೂ ಅವುಗಳ ದೇಹ ತೋರಿಸಿದ ಪ್ರತಿಕ್ರಿಯೆ ಒಂದೇ ಬಗೆಯದು: ಮೊದಲು ಗಾಬರಿ, ಆಮೇಲೆ ತಾಳಿಕೆ, ಕೊನೆಗೆ ಬಳಲಿಕೆ. ಮ್ಯಾನೇಜರ್ ಕೊಟ್ಟ ಹೊರೆ, ಟ್ರಾಫಿಕ್ಕಿನ ಹೊರೆ, ಬಾರ್‌ಬೆಲ್ಲಿನ ಹೊರೆ ಎಲ್ಲವೂ ದೇಹದ ಒಂದೇ ಪಾಸ್‌ಬುಕ್ಕಿನಲ್ಲಿ ಖರ್ಚು ಬೀಳುತ್ತವೆ. ಆಫೀಸಿನಲ್ಲಿ ಕೆಟ್ಟ ವಾರವಿದ್ದರೆ ಜಿಮ್ಮಿನಲ್ಲಿ ಹಗುರ ವಾರವಿರಬೇಕು. ನಮ್ಮವರು ಮಾಡುವುದು ತದ್ವಿರುದ್ಧ. ಆಫೀಸಿನ ಸಿಟ್ಟನ್ನೆಲ್ಲ ತಂದು ಇಲ್ಲಿ ಎತ್ತುತ್ತಾರೆ.

ರ‍್ಯಾಕಿನ ಎದುರಿಗೆ ಗೋಡೆ ತುಂಬ ಕನ್ನಡಿ. ಇಲ್ಲಿ ತೋಳು, ಭುಜ, ಕಟ್ಸ್ ಎಲ್ಲ ಕಾಣುತ್ತವೆ. ನಿದ್ದೆಗೇಡು, ಸಿಡುಕು, ಊಟದ ಮೇಲಿನ ಬೇಸರ, ಬಿಡದ ನೆಗಡಿ ಕಾಣುವುದಿಲ್ಲ. ಅತಿ ದಣಿವು ಮೊದಲು ಕೈಹಾಕುವುದು ಬಹಳ ಸಲ ಮನಸ್ಸಿಗೆ. ಜಿಮ್ ಬ್ಯಾಗ್ ನೋಡಿದರೆ ಉಲ್ಲಾಸ ಬರುತ್ತಿದ್ದವನಿಗೆ ಅದೇ ಬ್ಯಾಗ್ ಕಂಡರೆ ಸಂಕಟ. ಇದನ್ನು ಮೊದಲು ಗಮನಿಸುವವರು ಮನೆಯವರು. “ಯಾಕೋ ಮಗಾ, ಎಲ್ಲದಕ್ಕೂ ಉರಿದು ಬೀಳ್ತೀಯ?” ಎಂದು ಅಮ್ಮ ಕೇಳಿದರೆ ಅದನ್ನು ತಪಾಸಣೆ ಅಂತಲೇ ತಿಳಿಯಬಹುದು.

ಕನ್ನಡಿಯ ಮೇಲೆ ಎರಡು ಪಟ. ಒಂದು ಆರ್ನಾಲ್ಡ್, ಅದು ಎಲ್ಲ ಕಡೆ ಇರುತ್ತದೆ. ಇನ್ನೊಂದು ಕಪ್ಪುಬಿಳುಪಿನ ಕೆ.ವಿ. ಅಯ್ಯರ್. ಹುಡುಗರಲ್ಲಿ ಹೆಚ್ಚಿನವರಿಗೆ ಅವರು ಯಾರೆಂದು ತಿಳಿಯದು. 1930ರಲ್ಲೇ ಸ್ನಾಯು ಬೆಳೆಸುವ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು, ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ಅಂಚೆಯ ಮೂಲಕವೂ ಪಾಠ ಕಲಿಸಿದವರು. ಅದೇ ಮನುಷ್ಯ ‘ಶಾಂತಲಾ’ ಎಂಬ ದೊಡ್ಡ ಕಾದಂಬರಿ ಬರೆದರು, ‘ರೂಪದರ್ಶಿ’ ಬರೆದರು, ನಾಟಕ ಆಡಿಸಿದರು, ಗೆಳೆಯ ಕೈಲಾಸಂ ಬಗ್ಗೆ ನೆನಪಿನ ಪುಸ್ತಕ ಬರೆದರು. ಅಂಥ ಮೈಕಟ್ಟು ಇದ್ದವರಿಗೂ ಇಡೀ ದಿನ ಡಂಬೆಲ್ಲಿನ ಜೊತೆ ಇರಬೇಕಾಗಿರಲಿಲ್ಲ ಎಂಬುದನ್ನು ಈ ಪಟದ ಕೆಳಗೆ ಬರೆದು ಹಾಕಬೇಕು ಅನ್ನಿಸಿತು.

ಮುಂದೆ ಗಾಜಿನ ಕಪಾಟು, ಅದರೊಳಗೆ ಬಣ್ಣದ ಡಬ್ಬಗಳು. ವೇ ಪ್ರೋಟೀನಿನ ಬಗ್ಗೆ ನನಗೆ ತಕರಾರಿಲ್ಲ; ಬೇಳೆ, ಮೊಟ್ಟೆ, ಮೊಸರು ಸಾಲದವರು ಕುಡಿಯಲಿ. ತಕರಾರು ಕೆಳಸಾಲಿನ ಪ್ರೀ-ವರ್ಕೌಟ್ ಪುಡಿಯ ಮೇಲೆ. ಅದರಲ್ಲಿ ದುಡಿಯುವುದು ಮುಖ್ಯವಾಗಿ ಕೆಫೀನ್. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಒಳಗಿರಲಿ ಎನ್ನುತ್ತಾರೆ. ಒಂದು ಸ್ಕೂಪಿನಲ್ಲೇ 200 ಮಿಲಿಗ್ರಾಂ ಇರುವ ಡಬ್ಬಗಳುಂಟು, ಕಾಫಿಯ ಲೆಕ್ಕ ಬೇರೆ. ಕುಡಿದ ಕೆಫೀನಿನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳಕ್ಕೆ ಕುಡಿದವನಿಗೆ ನಡುರಾತ್ರಿಯಲ್ಲೂ ಅರ್ಧ ಉಳಿದಿರುತ್ತದೆ. ದಣಿವನ್ನು ಮುಚ್ಚುವ ಪುಡಿಯೇ ದಣಿವು ಕಳೆಯುವ ನಿದ್ದೆಯನ್ನೂ ಕೆಡಿಸುತ್ತದೆ. ಮಾಸ್ಟ್ರು ಅದನ್ನು ಯಾಕೆ ಮಾರುತ್ತಾರೆ ಅಂತ ಕೇಳಿದೆ. “ಬಾಡಿಗೆ ಕಟ್ಟಬೇಕಲ್ಲ ಸಾರ್” ಅಂದರು. ಪ್ರಾಮಾಣಿಕ ಉತ್ತರ, ಒಪ್ಪುವ ಉತ್ತರವಲ್ಲ.

ಅಷ್ಟರಲ್ಲಿ ಹತ್ತು ಗಂಟೆಯ ಹೆಂಗಸರ ಬ್ಯಾಚ್ ಬರತೊಡಗಿತು. ಅವರಿಗೆ ಕಲಿಸುವಾಕೆ ಬೇರೆ ಇದ್ದಾರೆ, ಮೂವತ್ತರ ಆಸುಪಾಸಿನವರು. ಅವರ ಅನುಭವದಲ್ಲಿ ತೊಂದರೆ ಹೆಚ್ಚಿನ ಕಸರತ್ತಿನದಲ್ಲ, ಕಡಿಮೆ ಊಟದ್ದು. ಬೆಳಗ್ಗೆ ಬರೀ ಗ್ರೀನ್ ಟೀ, ಮಧ್ಯಾಹ್ನ ಸೌತೆಕಾಯಿ, ನಡುವೆ ಒಂದು ಗಂಟೆ ಜುಂಬಾ, ಅದರ ಮೇಲೆ ಟ್ರೆಡ್‌ಮಿಲ್. ಇಂಥ ಕೊರತೆ ಮುಂದುವರಿದರೆ ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗುತ್ತದೆ, ಮೂಳೆ ಸವೆಯುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಟ್ಟು, ಗಂಡಸರಿಗೂ ಇದು ತಪ್ಪಿದ್ದಲ್ಲ ಎಂದಿತು. “ಡೇಟ್ ತಪ್ಪಿದ್ರೆ ನನಗೆ ಹೇಳಿ ಅಕ್ಕ ಅಂತೀನಿ. ತೂಕ ಎಷ್ಟು ಇಳೀತು ಅಂತ ಮಾತ್ರ ಹೇಳ್ತಾರೆ” ಎಂದರು ಆಕೆ.

ಕೊನೆಗೆ ಬಚ್ಚಲು. ಬಾಗಿಲ ಮೇಲೆ ಮಾಸ್ಟ್ರು ಕೈಯಾರೆ ಬರೆದು ಅಂಟಿಸಿದ ಚೀಟಿ: ‘ಮೂತ್ರ ಕೋಲಾ ಬಣ್ಣ ಬಂದರೆ ಮನೆಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ’. ನಗು ಬರಿಸುವ ಚೀಟಿ, ಆದರೆ ಇಡೀ ಜಿಮ್ಮಿನಲ್ಲಿ ಅತಿ ಬೆಲೆಯ ಕಾಗದ ಅದೇ. ಅಭ್ಯಾಸವಿಲ್ಲದವರು, ಅಥವಾ ಬಹಳ ದಿನ ಬಿಟ್ಟು ಬಂದವರು, ಮೊದಲ ದಿನವೇ ನೂರಾರು ಬಸ್ಕಿ ಹೊಡೆದರೆ ಸ್ನಾಯುವಿನ ಕೋಶಗಳು ಒಡೆದು ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರುತ್ತದೆ, ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಸ್ನಾಯು ಊದಿಕೊಂಡು, ತಡೆಯಲಾಗದಷ್ಟು ನೋವಿದ್ದು, ಮೂತ್ರ ಕಪ್ಪಾದರೆ ಅದಕ್ಕೆ ರಾಬ್ಡೊ ಎನ್ನುತ್ತಾರೆ. ಮಸಾಜಿನಿಂದ ವಾಸಿಯಾಗುವಂಥದ್ದಲ್ಲ.

ರೌಂಡ್ ಮುಗಿದ ಮೇಲೆ ಮೇಜಿನ ಬಳಿ ನಾನು ಕೇಳಿದ್ದು, ಓವರ್‌ಟ್ರೇನಿಂಗ್ ಅಂತ ತೋರಿಸುವ ರಕ್ತಪರೀಕ್ಷೆ ಏನಾದರೂ ಇದೆಯೇ ಅಂತ ಹುಡುಗರು ಕೇಳುವುದಿಲ್ಲವೇ ಎಂದು. ಕೇಳುತ್ತಾರಂತೆ. ಅಂಥ ಒಂದು ಪರೀಕ್ಷೆ ಇಲ್ಲ. ಬೇರೆ ಕಾರಣಗಳನ್ನೆಲ್ಲ ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು ಅದು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಒಳಗೇ ಇರುವ ಸೋಂಕು, ಖಿನ್ನತೆ ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಆದ್ದರಿಂದ ಎತ್ತುವ ಭಾರ ಇಳಿಯುತ್ತಿದ್ದರೆ ಮೊದಲು ಒಂದು ವಾರ ಪೂರ್ತಿ ಬಿಡಿ, ಮುಂದಿನ ವಾರ ಅರ್ಧ ಮಾಡಿ, ಹೊಟ್ಟೆ ತುಂಬ ಉಣ್ಣಿ, ನಿದ್ದೆ ಮಾಡಿ. ಎರಡು ವಾರದ ಮೇಲೂ ಮೈ ಏಳದಿದ್ದರೆ ನೋಟುಪುಸ್ತಕ ಹಿಡಿದುಕೊಂಡು ಜಿಮ್ಮಿಗಲ್ಲ, ವೈದ್ಯರ ಬಳಿ ಹೋಗಿ.