ಚಳಿಗಾಲದ ಅಂಗಳಕ್ಕೆ ಬಣ್ಣ

ಕರಾವಳಿಗೆ ಚಳಿಗಾಲವೇ ಇಲ್ಲ ಎನ್ನುವವರುಂಟು. ಜನವರಿಯ ಮುಂಜಾನೆ ಬೆಂಗಳೂರಿನಲ್ಲಿ ಉಷ್ಣಾಂಶ 15-16 ಡಿಗ್ರಿಗೆ ಇಳಿದರೆ, ಅಂಬಲಪಾಡಿಯಲ್ಲಿ 20ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೂ ಇಲ್ಲಿಯ ಅಂಗಳಗಳಲ್ಲಿ ಗೊಂಡೆ, ಸೇವಂತಿಗೆ, ಕಾಗದದ ಹೂಗಳು ಕಳೆಕಟ್ಟುವುದು ಈ ದಿನಗಳಲ್ಲೇ. ಚಳಿಗಿಂತ ಹೆಚ್ಚಾಗಿ ಒಣ ಬಿಸಿಲು ಮತ್ತು ದೀರ್ಘ ರಾತ್ರಿಗಳು ಇದಕ್ಕೆ ಕಾರಣ.

ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನ ಕಂಡ ಮಕ್ಕಳು ಪೆಟೂನಿಯಾ, ಡೇಲಿಯಾ ಬೇಕೆಂದು ಹಟ ಹಿಡಿಯುವುದು ಸಹಜ. ಅವು ತಂಪು ಹವೆಯ ಗಿಡಗಳು. ಹಣ ಕೊಟ್ಟು ತಂದ ಕುಂಡಗಳು ಮಾರ್ಚಿನ ಸೆಕೆಗೆ ಬಾಡಿದಾಗ ಮಕ್ಕಳ ಉತ್ಸಾಹವೂ ಬಾಡುತ್ತದೆ. ಊರಿನ ಹವೆಗೆ ಒಗ್ಗುವ ಗಿಡಗಳಿಂದ ಆರಂಭಿಸುವುದೇ ಲೇಸು.

ಗಿಡ ಎಲ್ಲಿಂದ ತರಬೇಕು?

ನರ್ಸರಿಗೆ ಓಡುವ ಮೊದಲು ನೆರೆಮನೆಯ ಅಂಗಳ ನೋಡಿ. ಹಬ್ಬಕ್ಕೆ ತಂದ ಗೊಂಡೆ ಹೂವನ್ನು ಒಣಗಿಸಿಟ್ಟರೆ ಅದೇ ಬೀಜ. ಮಳೆ ಇಳಿಯುವ ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ ಸುಮಾರು ಎರಡು ತಿಂಗಳಲ್ಲಿ ಹೂ. ಕಾಗದದ ಹೂವಿನ ಗೆಲ್ಲು ನೆಟ್ಟರೆ ಚಿಗುರುತ್ತದೆ. ಬೇರೂರಿದ ಮೇಲೆ ನೀರು ಹೆಚ್ಚಾದರೆ ಎಲೆ, ಕಡಿಮೆಯಾದರೆ ಬಣ್ಣ. ಅಬ್ಬಲಿಗೆ ಹೆಚ್ಚು ಆರೈಕೆ ಕೇಳದು. ಶಂಕರಪುರ ಮಲ್ಲಿಗೆ ಮಾತ್ರ ಚಳಿಗೆ ಮೊಗ್ಗು ಕಡಿಮೆ ಮಾಡುತ್ತದೆ. ಗಿಡಕ್ಕೆ ರೋಗವೆಂದು ಹೆದರಬೇಡಿ, ಬೇಸಿಗೆಗೆ ಮತ್ತೆ ತುಂಬಿಕೊಳ್ಳುತ್ತದೆ.

ಮಳೆಗೆ ಸಾರ ತೊಳೆದುಹೋದ ನಮ್ಮ ಮುರಮಣ್ಣಿಗೆ ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ. ಬುಡಕ್ಕೆ ತರಗೆಲೆ ಹಾಸಿ. ಅಕ್ಕಿ, ತರಕಾರಿ ತೊಳೆದ ನೀರನ್ನೇ ಗಿಡಕ್ಕೆ ಬಿಟ್ಟರೆ ಬಾವಿಯ ಮೇಲೆ ಹೊರೆ ಬೀಳದು. ಒಣಗಿದ ಹೂ ಚಿವುಟುತ್ತಿದ್ದರೆ ಗೊಂಡೆ ಮತ್ತೆ ಮತ್ತೆ ಅರಳುತ್ತದೆ.

ರಾತ್ರಿಯನ್ನು ಅಳೆಯುವ ಗಿಡ

ಉಡುಪಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಗಂಟೆ. ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ. ಹಗಲಿನ ಅವಧಿಗೂ ಹೂ ಬಿಡುವುದಕ್ಕೂ ಇರುವ ನಂಟನ್ನು ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಗಿಡ ನಿಜಕ್ಕೂ ಲೆಕ್ಕವಿಡುವುದು ಕತ್ತಲೆಯ ಅವಧಿಯನ್ನು ಎಂಬುದು ಆಮೇಲೆ ತಿಳಿಯಿತು. ಸೇವಂತಿಗೆಗೂ ಮೆಕ್ಸಿಕೋ ಮೂಲದ ಪಾಯಿನ್‌ಸೆಟಿಯಾಕ್ಕೂ ದೀರ್ಘ ರಾತ್ರಿ ಬೇಕು. ಪಾಯಿನ್‌ಸೆಟಿಯಾದಲ್ಲಿ ಕೆಂಪಾಗಿ ಕಾಣುವುದು ಎಲೆ. ನಿಜವಾದ ಹೂ ನಡುವಿನ ಪುಟ್ಟ ಹಳದಿ ಗೊಂಚಲು. ಕಾಗದದ ಹೂವಿನ ಬಣ್ಣವೂ ಎಲೆಯದೇ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಎತ್ತರದ ಎರಡು ಸೇವಂತಿಗೆ ಕುಂಡಗಳನ್ನು ಅಕ್ಟೋಬರಿನಲ್ಲಿ ಆರಿಸಿ. ಹಗಲು ಎರಡಕ್ಕೂ ಸಮಾನ ಬಿಸಿಲಿರಲಿ. ರಾತ್ರಿ ಒಂದನ್ನು ಜಗಲಿಯ ದೀಪದ ಕೆಳಗೆ, ಇನ್ನೊಂದನ್ನು ಕತ್ತಲಲ್ಲಿ ಇಡಿ. ಮೊಗ್ಗು ಕಂಡ ದಿನವನ್ನು ಪುಸ್ತಕದಲ್ಲಿ ಬರೆದಿಡಿ.

ಹೆತ್ತವರು ಮಕ್ಕಳಿಗೆ ಒಂದು ಮೂಲೆ, ಒಂದು ಹಾರೆ ಬಿಟ್ಟುಕೊಟ್ಟರೆ ಸಾಕು. ತಾನೇ ಬಿತ್ತಿ, ನೀರೆರೆದು ಬೆಳೆಸಿದ ಗಿಡದಲ್ಲಿ ಮೊದಲ ಹೂ ಅರಳುವ ದಿನ ಮಗು ಕಲಿಯುವ ಪಾಠ ಸುಲಭಕ್ಕೆ ಮರೆಯುವಂಥದಲ್ಲ.